ಪು-ಅರ್ ಚಹಾಕ್ಕೆ ನಾನು ಕೊಟ್ಟ ತೀರ್ಪು

ನನ್ನ ಮೂಗು ಸತ್ತದ್ದು ಒಂದು ಜ್ವರದಲ್ಲಿ. ಜ್ವರ ವಾರದಲ್ಲಿ ಇಳಿಯಿತು, ವಾಸನೆ ಮಾತ್ರ ಮರಳಲಿಲ್ಲ. ಚಹಾ ಕಂಪೆನಿಯಲ್ಲಿ ಆಯುಷ್ಯವಿಡೀ ರುಚಿ ನೋಡಿ ನಿವೃತ್ತನಾಗಿ, ಮಣಿಪಾಲದ ಮನೆಯಲ್ಲಿ ಅದೇ ವಿದ್ಯೆ ಹೇಳಿಕೊಡುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ? ಯಾರಿಗೂ ಹೇಳಲಿಲ್ಲ. ಗೊತ್ತಿದ್ದದ್ದು ಒಬ್ಬ ಶಿಷ್ಯೆಗೆ ಮಾತ್ರ. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಅಮ್ಮ ಒಣಮೀನು ಮಾರುವವಳು.

ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಏರ್ಪಾಡಿತ್ತು. ಬಟ್ಟಲನ್ನು ನನ್ನ ಮುಂದಿಡುವ ಮೊದಲು ಅವಳು ಒಮ್ಮೆ ಮೂಸಿ, ನನಗಷ್ಟೇ ಕೇಳುವಂತೆ "ಹೊಗೆ", "ಮುಗ್ಗಲು", "ಒಳ್ಳೆದುಂಟು" ಎನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ಸೊರ್ರೆಂದು ಹೀರಿ, ಅದನ್ನೇ ಉದ್ದ ಮಾಡಿ ಹೇಳುತ್ತಿದ್ದೆ. ಉಳಿದ ಶಿಷ್ಯರು ತಲೆದೂಗುತ್ತಿದ್ದರು. ನನ್ನ ಹೆಸರು ನಡೆಯುತ್ತಿದ್ದದ್ದು ಅವಳ ಮೂಗಿನಿಂದ. ಅದಕ್ಕೇ ಅವಳನ್ನು ಕಂಡರೆ ನನಗೆ ಒಳಗೊಳಗೇ ಉರಿಯುತ್ತಿತ್ತು.

ಹೀಗಿರುವಾಗ ಕಾರ್ಕಳದ ವ್ಯಾಪಾರಿಯೊಬ್ಬ ಉಡುಪಿಯಲ್ಲಿ ದೇಶದೇಶದ ಚಹಾ ಎಲೆಗಳ ಅಂಗಡಿ ತೆರೆಯಲು ಹೊರಟ. ಎಲೆ ಆರಿಸುವ ಕೆಲಸವನ್ನು ಇವಳು ಕೇಳಿದಳು. "ಒಂದು ಚಹಾ ನೀವೇ ಆರಿಸಿ ತನ್ನಿ. ಸರ್ ಒಪ್ಪಿದರೆ ಕೆಲಸ ನಿಮ್ಮದೇ" ಎಂದಿದ್ದ ಅವನು. ಅವಳು ಹೋದರೆ ನಾನು ಬರೀ ಮುದುಕ.

ಅವಳು ಆರಿಸಿ ತಂದದ್ದು ಚೀನಾದ ಪು-ಅರ್. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ವಾರಗಟ್ಟಲೆ ಹುದುಗಿಸಿ, ಆಮೇಲೆ ಬಿಲ್ಲೆಯಾಗಿ ಒತ್ತಿದ ಕಪ್ಪು ಚಹಾ. ನನ್ನ ಮನೆಯಲ್ಲೇ, ವ್ಯಾಪಾರಿಯ ಎದುರು ಅವಳು ಎಲ್ಲವನ್ನೂ ನಾನು ಕಲಿಸಿದಂತೆಯೇ ಮಾಡಿದಳು. ಬಿಲ್ಲೆಯ ಅಂಚಿನಿಂದ ಪದರು ಎಬ್ಬಿಸಿದಳು, ಪುಡಿಯಾಗಲು ಬಿಡಲಿಲ್ಲ. ಮೊದಲ ಬಿಸಿನೀರನ್ನು ಚೆಲ್ಲಿದಳು. ಎರಡನೆಯದನ್ನು ಬಿಳಿ ಬಟ್ಟಲಿಗೆ ಸುರಿದಳು. ಕಡುಗೆಂಪು ಬಣ್ಣ, ಆದರೂ ತಳ ಕಾಣುವಷ್ಟು ತಿಳಿ. ನೆನೆದ ಎಲೆಯನ್ನು ಬೆರಳಲ್ಲಿ ಒತ್ತಿದೆ. ಮೆತ್ತಗೆ ಬಿಚ್ಚಿಕೊಂಡಿತು, ಇದ್ದಿಲಿನ ಹಾಗೆ ಗಟ್ಟಿಯಾಗಿರಲಿಲ್ಲ. ನಾಲಿಗೆಗೆ ಒಗರಿಲ್ಲ. ಗಂಟಲಿಳಿದ ಮೇಲೆ ಸಿಹಿ ನಿಂತಿತು. ಬಟ್ಟಲಿಡುವಾಗ ಅವಳು "ಒಳ್ಳೆದುಂಟು" ಎಂದೇ ಹೇಳಿದ್ದಳು.

ಅಂಥ ಪು-ಅರ್ ನನ್ನ ಕೈಗೆ ಬಂದದ್ದು ಅಪರೂಪ.

ಸರಿಯಾಗಿ ಹುದುಗದ ಪು-ಅರ್ ಮೀನು ನಾರುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ವ್ಯಾಪಾರಿಗೂ ಗೊತ್ತಿತ್ತು. ನಾನು ಬಟ್ಟಲನ್ನು ದೂರ ತಳ್ಳಿದೆ.

"ಮೀನಿನ ವಾಸನೆ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಎಲೆಯದ್ದೋ, ಇವಳ ಮನೆಯದ್ದೋ, ಆ ದೇವರಿಗೇ ಗೊತ್ತು. ಒಣಮೀನಿನ ಮನೆಯಲ್ಲಿ ಬೆಳೆದ ಮೂಗಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು?"

ನಾನೇನು ಮಡಿವಂತನೇ? ಮಧ್ಯಾಹ್ನ ಬಂಗುಡೆ ಮೀನಿನ ಸಾರಿನಲ್ಲಿ ಉಂಡೆದ್ದ ಬಾಯಿ ಅದು.

ವ್ಯಾಪಾರಿ ಅದೇ ಚಹಾವನ್ನು ತನ್ನ ಬಟ್ಟಲಿನಿಂದ ಆಗಲೇ ಎರಡು ಸಲ ಕುಡಿದು ಹೊಗಳಿದ್ದ. ಈಗ ಮತ್ತೆ ಮೂಸಿ ಮುಖ ಕಿವುಚಿದ. "ಹೌದು ಸರ್, ನೀವು ಹೇಳಿದ ಮೇಲೆ ನನಗೂ ಬರ್ತಾ ಉಂಟು. ಒಳ್ಳೆ ಸಮಯಕ್ಕೆ ಹೇಳಿದಿರಿ ಮಾರಾಯ್ರೆ." ಅವಳ ಕಡೆ ತಿರುಗಿಯೂ ನೋಡದೆ ಕಾರಿನ ಕೀಲಿ ತೆಗೆದುಕೊಂಡ.

ಅವಳು ಬಾಯಿ ಬಿಟ್ಟಿದ್ದರೆ ನನ್ನ ಮಾನ ಅಲ್ಲೇ ಮೂರಾಬಟ್ಟೆಯಾಗುತ್ತಿತ್ತು. ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳಿದೆ. ಇಷ್ಟು ವರ್ಷ ಎಷ್ಟೋ ಜನರ ಚಹಾವನ್ನು ಹೀಗಳೆದಿದ್ದೇನೆ, ಒಂದಕ್ಕೂ ನಾಚಿಕೆಯಿಲ್ಲ. ಇದೊಂದಕ್ಕೆ ಉಂಟು.

ಕಾರು ಹೊರಟ ಸದ್ದು ಅಡಗುವವರೆಗೆ ಅವಳು ಮೇಜಿನ ಬಳಿಯೇ ನಿಂತಿದ್ದಳು. ಅಳಲಿಲ್ಲ.

"ಸರ್, ನಾನು ಹುಟ್ಟಿದ್ದೇ ಒಣಮೀನಿನ ನಡುವೆ. ಇದರಲ್ಲಿ ಮೀನಿನ ವಾಸನೆ ಇದ್ದಿದ್ರೆ ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗ್ತಿತ್ತು" ಎಂದಳು. ಬಟ್ಟಲನ್ನು ಮತ್ತೆ ನನ್ನ ಮುಂದೆ ಸರಿಸಿ ಕೇಳಿದಳು: "ನಿಮಗೆ ನಿಜವಾಗಿ ಎಂತ ವಾಸನೆ ಬಂತು ಸರ್?"

"ಬಟ್ಟಲು ತೊಳೆದಿಟ್ಟು ಹೋಗು" ಎಂದೆ.

ತೊಳೆದಿಟ್ಟೇ ಹೋದಳು.