ಮರಾಠಿ ಅಂಕಿಯ ಮೂರು ಪುಟ

ಮೊನ್ನೆ ಅಥಣಿ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ಚಂಚಿ ಬಿಚ್ಚಿ ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದ. ಉಳಿದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಬೀಜಗಣಿತ ನೆನಪಾಯಿತು. ನಗಬೇಡಿ. ತಂಬಾಕಿನ ಪೇಟೆ ನಿಪ್ಪಾಣಿಯಲ್ಲಿ ಓದಿದವಳು ನಾನು, ಸೀನು ಬಂದರೆ ಜೊತೆಗೊಂದು ಸೂತ್ರವೂ ಬರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಬೋರಗಾಂವದಿಂದ ನಿಪ್ಪಾಣಿಯ ಕಾಲೇಜಿಗೆ ಹೋಗುತ್ತಿದ್ದ ನಾನು ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದೆ. ಮುಳುಗಿಸಿದ್ದು ಬೀಜಗಣಿತ. ಅಪ್ಪ ಪವರ್‌ಲೂಮ್ ನಿಲ್ಲಿಸದೆಯೇ, ಅದರ ಸದ್ದಿನ ಮೇಲೆ ಕೂಗಿ ತೀರ್ಪು ಕೊಟ್ಟರು: “ಅಕ್ಟೋಬರದಾಗ ಪಾಸಾದ್ರ ಮುಂದ ಓದು. ಇಲ್ಲಂದ್ರ ಸಾಕ ಸಾಲಿ, ಮನ್ಯಾಗ ಕಂಡಿಕಿ ಸುತ್ತು.” ದಿನವಿಡೀ ನೂಲು ಸುತ್ತುವ ಆ ಕೆಲಸ ನನಗೆ ಗೊತ್ತಿತ್ತು. ನನ್ನ ಅಕ್ಕ ಅದನ್ನೇ ಮಾಡುತ್ತಿದ್ದಳು.

ಓದೋಣವೆಂದರೆ ಪುಸ್ತಕ ಬೇಕಲ್ಲ. ಹೊಸ ಗೈಡಿನ ಬೆಲೆ ಕೇಳಿ ಅಂಗಡಿಯ ಮೆಟ್ಟಿಲಿನಿಂದಲೇ ಹಿಂದಿರುಗಿದೆ. ಕಾಲೇಜಿನ ಲೈಬ್ರರಿಯಲ್ಲಿದ್ದ ಒಂದೇ ಪ್ರತಿಯಲ್ಲಿ ಬೀಜಗಣಿತದ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡಿದ್ದರು. ಕೊನೆಗೆ ಹೋದದ್ದು ತಂಬಾಕು ತುಂಬಿಡುವ ವಖಾರಿಯ ಪಕ್ಕದ ಹುಸೇನಮಾಮಾನ ರದ್ದಿ ಅಂಗಡಿಗೆ. ಕೊಲ್ಹಾಪುರದ ಹಳೇ ಪುಸ್ತಕಗಳೆಲ್ಲ ಅಲ್ಲಿ ಬಂದು ಬೀಳುತ್ತಿದ್ದವು, ಹಾಳೆಹಾಳೆಯಾಗಿ ತಂಬಾಕಿನ ಪುಡಿಕೆಗೆ ಹೋಗುತ್ತಿದ್ದವು. ಆದರೆ ಮಾಮಾನದೊಂದು ನೇಮವಿತ್ತು.

“ಲೆಕ್ಕದ ಬುಕ್ಕ ಪರೀಕ್ಷಾ ಮುಗಿಯೂತನಾ ಹರಿಯಾಂಗಿಲ್ಲ ಬೇಟಾ. ಯಾರರ ಹುಡುಕ್ಕೊಂಡ ಬರ್ತಾರ,” ಎಂದು ಮೂಲೆಯ ಗುಡ್ಡೆ ತೋರಿಸಿದ.

ಎರಡು ದಿನ ಸೀನುತ್ತ ಹುಡುಕಿದೆ. ಸಿಕ್ಕಿದ್ದು ರಟ್ಟು ಹೋದ, ಮರಾಠಿಯ ಬೀಜಗಣಿತ. ತಕ್ಕಡಿಗೆ ಹಾಕಿದರೆ ಅರ್ಧ ಕಿಲೋ ರದ್ದಿಯ ಬೆಲೆ. ಭಾಷೆಯ ಚಿಂತೆ ನನಗಿರಲಿಲ್ಲ. ನಮ್ಮ ಓಣಿಯಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಹಿಂದೆ ಓದಿದ ಯಾರೋ ಅಂಚಿನಲ್ಲಿ ಪ್ರತಿ ಹೆಜ್ಜೆಯನ್ನೂ ಪೆನ್ಸಿಲಿನಲ್ಲಿ ಬಿಡಿಸಿ ಬರೆದಿದ್ದರು. ಮೂರು ತಿಂಗಳು ಆ ಕಾಣದ ಗುರುವಿನ ಕೈಹಿಡಿದು ನಡೆದೆ. ಲೆಕ್ಕ ಬರತೊಡಗಿದಾಗ ಎಷ್ಟು ಸುಖವಾಯಿತೆಂದರೆ, ಅಕ್ಕನಿಗೂ ಕೂರಿಸಿ ಹೇಳಿಕೊಡಲು ಹೋಗಿ ಬೈಸಿಕೊಂಡೆ.

ಪರೀಕ್ಷೆಯ ದಿನ ಕೈ ತಾನಾಗಿ ಓಡಿತು. ಮುಕ್ಕಾಲು ಪಾಲು ಮುಗಿಸಿ, ಹತ್ತೇ ನಿಮಿಷ ಉಳಿದಿರುವಾಗ ಹಿಂದಕ್ಕೆ ತಿರುವಿದೆ. ಮಾತೆಲ್ಲ ಕನ್ನಡ, ಅಂಕಿಗಳೆಲ್ಲ ಆ ಪುಸ್ತಕದ ಮರಾಠಿ! ಬೀಜಗಣಿತದ ಮೂರೂ ಪುಟ! ಅರಿಯದವರ ಕಣ್ಣಿಗೆ ಮರಾಠಿಯ ‘ಒಂದು’ ಇಂಗ್ಲಿಷಿನ ಒಂಬತ್ತಿನ ಹಾಗೆ, ‘ಐದು’ ನಾಲ್ಕಿನ ಹಾಗೆ. ತಿದ್ದುವವರು ಮೈಸೂರು ಕಡೆಯವರಾದರೆ ನನ್ನ ಒಂದು ಉತ್ತರವೂ ಸರಿಯಲ್ಲ.

“ಯಾಕವಾ, ಬೆವತೀಯಲ್ಲ?” ಎಂದರು ಕೋಣೆ ಕಾಯುತ್ತಿದ್ದ ಮೇಷ್ಟ್ರು.

“ಸರ್, ಅಂಕಿ ಮರಾಠಿದಾಗ ಬರದೇನ್ರಿ.”

“ಹತ್ತ ನಿಮಿಷದಾಗ ಹೊಡದ ಬರಿಯಾಕ ಆಗಾಂಗಿಲ್ಲ. ಓದಾವ್ರಿಗೆ ತಿಳಿಯೂ ಹಂಗ ಏನರ ಮಾಡು,” ಎಂದು ಮುಂದೆ ಹೋದರು.

ಏನು ಮಾಡಲಿ? ಮೊದಲ ಪುಟದ ತಲೆಯ ಮೇಲೆ ಮರಾಠಿಯ ಹತ್ತೂ ಅಂಕಿಗಳನ್ನು ಬರೆದೆ. ಒಂದೊಂದರ ಮುಂದೆ ಈ ಚಿಹ್ನೆ ಒಂದು ಆಗಿರಲಿ, ಇದು ಎರಡು ಆಗಿರಲಿ ಎಂದು ತುಂಬುತ್ತ ಹೋದೆ. ಬರೆಯುತ್ತಿದ್ದಂತೆ ನಗು ಬಂತು. ಅದುವರೆಗೆ ಬೀಜಗಣಿತದ ‘x ಇಷ್ಟು ಆಗಿರಲಿ’ ಯಾರೋ ದೊಡ್ಡವರ ಅಪ್ಪಣೆ ಎಂದುಕೊಂಡಿದ್ದೆ. ಈಗ ಆ ಅಪ್ಪಣೆ ನಾನೇ ಕೊಡುತ್ತಿದ್ದೆ.

ಪಾಸಾದೆ, ಅಷ್ಟಕ್ಕಷ್ಟೇ. ಸುದ್ದಿ ಹೇಳಿದಾಗ ಅಪ್ಪ ಮಗ್ಗ ನಿಲ್ಲಿಸಿ, “ಇನ್ನೊಮ್ಮೆ ಹೇಳು,” ಎಂದರು. ಮುಂದೆ ಓದಿ, ಗಣಿತದ ಟೀಚರಾಗಿ ಅಥಣಿಯಲ್ಲಿ ನೆಲೆ ನಿಂತೆ. ಫೇಲಾದ ಸಂಗತಿಯನ್ನು ಮಾತ್ರ ಒಬ್ಬ ವಿದ್ಯಾರ್ಥಿಗೂ ಹೇಳಲಿಲ್ಲ. ಟೀಚರಮ್ಮನ ಗತ್ತು ನೋಡಿ!

ಮೊನ್ನೆ ಆ ಬಸ್ಸಿಳಿದು ಮನೆಗೆ ಬಂದರೆ ಸತ್ತಿ ಊರಿನ ಹುಡುಗಿ ರೇಷ್ಮಾ ಕಾಯುತ್ತಿದ್ದಳು. ಗಣಿತದಲ್ಲಿ ಫೇಲಾದವಳು, ವಾರದಿಂದ ಪಾಠಕ್ಕೆ ಬಂದರೂ ತಲೆಯೆತ್ತಿರಲಿಲ್ಲ. ಕಷ್ಟಪಡು, ಆಗುತ್ತದೆ ಎಂದು ಎಂದಿನ ಉಪದೇಶಕ್ಕೆ ಬಾಯಿ ತೆರೆದವಳು ಅದನ್ನು ನುಂಗಿಕೊಂಡೆ.

“ನಾನೂ ಫೇಲಾಗಿದ್ದೆ,” ಎಂದೆ.

ಹುಡುಗಿ ತಲೆಯೆತ್ತಿದಳು. “ಖರೇನ್ರಿ ಟೀಚರ್? ಯಾವದರಾಗ್ರಿ?”

“ಇದರಾಗನ.”

ರೇಷ್ಮಾ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡು, “ಹಂಗಾರ ಮೊದಲಿಂದ ಹೇಳ್ರಿ,” ಎಂದಳು.