ಎಡಗೈಯ ರೊಟ್ಟಿ

ಮೊನ್ನೆ ಮಿರಜದ ಹತ್ತಿರ ವಿಶ್ರಾಮಬಾಗದ ಒಂದು ಖಾನಾವಳಿಯಲ್ಲಿ ಕೂತಿದ್ದೆ. ಒಳಗಿನಿಂದ ಜೋಳದ ರೊಟ್ಟಿ ಸೀದ ವಾಸನೆ ಬಂತು. ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ, ಚಿಕ್ಕಮ್ಮ ಅನ್ನುವಂತೆ ಊರೆಲ್ಲ ಕರೆಯುತ್ತಿದ್ದ ಮಾವಶಿ ನೆನಪಾದಳು... ಅವಳು ನೆನಪಾದರೆ ನನಗೆ ಕಣ್ಣೀರಿಗಿಂತ ಮೊದಲು ಸಿಟ್ಟು ಬರುತ್ತದೆ.

ಆಗ ನಾನು ಮರಾಠಿ ಸೀಮೆಯಲ್ಲಿ ಖಂಡೇರಾಜುರಿಯಾಚೆಯ ಸಣ್ಣ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ಮಧ್ಯಾಹ್ನದ ಊಟಕ್ಕೆ ಗುತ್ತಿಗೆದಾರ ಮುಗ್ಗಲು ಅಕ್ಕಿ, ಹುಳ ಬಿದ್ದ ಬೇಳೆ ಕಳಿಸುತ್ತಿದ್ದ. ಮಕ್ಕಳು ಮೂಸಿ ನೋಡಿ ಎದ್ದು ಹೋಗುತ್ತಿದ್ದರು. ಒಂದು ದಿನ ಮಾವಶಿ ಚೀಲದ ಹೊಲಿಗೆ ಬಿಚ್ಚದೆ ವಾಪಸ್ಸು ಕಳಿಸಿಬಿಟ್ಟಳು. ಊರಿನ ಹೊಲಗಳಿಂದಲೇ ಜೋಳ, ಮೆಂತ್ಯ, ಶೇಂಗಾ ತರಿಸಿ ರೊಟ್ಟಿ ಬಡಿಯತೊಡಗಿದಳು. "ನಮ್ಮ ಹೊಲದಾಗ ಬೆಳದದ್ದು ಬಿಟ್ಟು ಆ ಹುಳಾ ಯಾಕ ತಿನಸಬೇಕ್ರಿ ಅಕ್ಕೋರ?" ಅಂದಳು. ಮಕ್ಕಳು ತಟ್ಟೆ ನೆಕ್ಕಿ ಉಂಡರು.

ವಾರ ಕಳೆಯುವುದರೊಳಗೆ ಗುತ್ತಿಗೆದಾರನ ಆಳು ಇನ್ನಿಬ್ಬರನ್ನು ಕಟ್ಟಿಕೊಂಡು ಜೀಪಿನಲ್ಲಿ ಬಂದ. ಮರಾಠಿಯಲ್ಲಿ ಕೇಳಬಾರದ್ದೆಲ್ಲ ಬೈದು, ಪಲ್ಲೆಯ ಪಾತ್ರೆ ಒದ್ದ. ಅಡ್ಡ ಹೋದ ನನ್ನ ಕಪಾಳಕ್ಕೆ ಬಿತ್ತು, ಬಾಯಲ್ಲಿ ರಕ್ತ. ಮಾವಶಿ ಏಳುವಷ್ಟರಲ್ಲಿ ಅವನು ರೊಟ್ಟಿಯ ಬುಟ್ಟಿ ಬೋರಲು ಹಾಕಿ ಚಪ್ಪಲಿಗಾಲಲ್ಲಿ ತುಳಿದ. ನಮ್ಮ ಕಡೆ ರೊಟ್ಟಿಯ ಚೂರು ಕಾಲಿಗೆ ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

"ಅನ್ನಾ ತುಳೀತಿ?" ಅಂದಳು ಮಾವಶಿ, ಮೆಲ್ಲಗೆ. ಒಲೆಯಿಂದ ಉರಿಯುವ ಕಟ್ಟಿಗೆ ಎಳೆದು ಅವನ ಮೊಣಕಾಲಿಗೆ ಬೀಸಿದಳು. ಅವನು ಒದರುತ್ತ ಬಿದ್ದ. ಉಳಿದಿಬ್ಬರು ಅವಳನ್ನು ಕೆಡವಿ, ಅದೇ ಕಟ್ಟಿಗೆಯಿಂದ ಬಲಗೈ ಜಜ್ಜಿದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು... ಈಗಲೂ ಕೇಳಿಸುತ್ತದೆ. ಊರವರು ಕೊಡಲಿ, ಬಡಿಗೆ ಹಿಡಿದು ಓಡಿ ಬಂದಾಗ ಜೀಪು ಹೋಗಿಬಿಟ್ಟಿತ್ತು. ಅವರು ಕೈಗೆ ಸಿಕ್ಕಿದ್ದರೆ ಕೊಂದೇಬಿಡುತ್ತಿದ್ದೆ. ಹೀಗನ್ನಲು ನನಗೆ ನಾಚಿಕೆಯೇನಿಲ್ಲ.

ಮಿರಜದ ದವಾಖಾನೆಯಲ್ಲಿ ಎಲುಬು ಕೂಡಿಸಿದರು, ಬೆರಳು ಮಾತ್ರ ಮುಂದೆಂದೂ ಮಡಚಲು ಬರಲಿಲ್ಲ. ಇನ್ನು ಮಕ್ಕಳಿಗೆ ಮತ್ತೆ ಮುಗ್ಗಲು ಅಕ್ಕಿಯೇ ಗತಿ ಅಂದುಕೊಂಡಿದ್ದೆ. ಆದರೆ ಹೊಡೆದಾಟದ ಮರುದಿನವೇ ಊರಿನ ಹೆಣ್ಣುಮಕ್ಕಳು ಶಾಲೆಯ ಒಲೆ ಹೊತ್ತಿಸಿದರು, ಪಾಳಿ ಹಚ್ಚಿಕೊಂಡು ರೊಟ್ಟಿ ಬಡಿದರು. ಗುತ್ತಿಗೆದಾರನ ಚೀಲವನ್ನು ಊರವರು ಮತ್ತೆ ಊರೊಳಗೆ ಬಿಡಲಿಲ್ಲ.

ಕೈಯ ಕಟ್ಟು ಬಿಚ್ಚಿದ ದಿನವೇ ಮಾವಶಿ ಹಾಜರು. "ಸರೀರಿ ಅತ್ತಾಗ, ಒಲಿ ನಂದೈತಿ." ಎಡಗೈಯಲ್ಲಿ ಬಡಿದ ರೊಟ್ಟಿ ಒಂದು ಬದಿ ದಪ್ಪ, ಇನ್ನೊಂದು ಬದಿ ಸೀದು ಕರಿ. ಮಕ್ಕಳು ಅದೇ ಬೇಕೆಂದು ಪರಚಾಡುತ್ತಿದ್ದರು. ಅವಳು ಬೆನ್ನಿಗೊಂದು ಗುದ್ದಿ ಹಂಚುತ್ತಿದ್ದಳು.

ಮಾವಶಿ ತೀರಿಹೋಗಿ ವರ್ಷಗಳಾದವು. ಶಾಲೆಯಲ್ಲಿ ಇಂದಿಗೂ ಊರ ಜೋಳದ್ದೇ ರೊಟ್ಟಿ... ಖಾನಾವಳಿಯ ಹುಡುಗಿ ನನ್ನ ತಟ್ಟೆ ತಂದಿಟ್ಟಳು. ಮೇಲೆ ಚಂದ್ರನಂಥ ರೊಟ್ಟಿ, ಎಲ್ಲ ಕಡೆಯೂ ಒಂದೇ ತೆಳು.

"ಸೀದದ್ದು ಇತ್ತಲ್ಲಾ, ಅದನ್ನ ಕೊಡವಾ," ಅಂದೆ.

"ಅದನ್ನ ಆಗಳೇ ತಿಪ್ಪಿಗೆ ಒಗದ್ವಿರಿ."

ಎದ್ದು ಹೋಗಬೇಕೆನಿಸಿತು. ಆದರೆ ಮುಂದೆ ಬಂದ ಅನ್ನ ಬಿಟ್ಟು ಏಳುವಂತಿರಲಿಲ್ಲ. ಅಳುತ್ತಲೇ ಉಂಡೆ.