ಮೂರು ಕೂಸಿನ ಸೀಟು

ಜಮಖಂಡಿಯೊಳಗ ನಾ ಕಾರು ಮಾರತೇನಿ. ರಬಕವಿಯ ಸೀರಿ ಸಾಹುಕಾರ್ರೊಬ್ಬರು ತಮ್ಮ ಮೂರು ಸಣ್ಣ ಮಕ್ಕಳನ್ನ ಕಾರಿನ್ಯಾಗ ಬಿಗಿದು ಕುಂದರಸೂ ಸೀಟು ಹೊತ್ಕೊಂಡ ಬಂದು, ಒಂದೊಂದು ಕಾರಿನ್ಯಾಗೂ ಇಟ್ಟು, ಬೆಲ್ಟ್ ಬಿಗಿದು, ಅಲುಗಾಡಿಸಿ ನೋಡಿದ್ರು. "ಮಕ್ಕಳ ಜೀವದ ಪ್ರಶ್ನೆ ಐತ್ರೀ," ಅಂದ್ರು. ಕಡೀಕ ಎಲ್ಲಾಕ್ಕಿಂತ ದೊಡ್ಡ ಗಾಡಿಯೊಳಗ ಮೂರೂ ಸೀಟು ಕುಂತವು. ಅಷ್ಟೊತ್ತಿಗೆ ಸೀಟು ಎತ್ತಿ ಇಳಿಸಿ ನನ್ನ ಸೊಂಟ ಹಿಡದಿತ್ತು.

ಗಾಡಿ ಒಯ್ಯೂ ದಿನ ಮನಿಮಂದಿಯೆಲ್ಲಾ ಬಂದ್ರು. ಪೂಜಿ ಆತು. ಅವರವ್ವ ಬಾಗಿಲಾ ತಗದು, "ಈ ಕುರ್ಚಿ ಇಟ್ರ ನಾವೆಲ್ಲಿ ಕುಂದರಬೇಕೋ ತಮ್ಮಾ? ನಿನ್ನ ನಾ ತೊಡಿ ಮ್ಯಾಲ ಇಟಗೊಂಡ ಬೆಳಸಿಲ್ಲೇನು?" ಅಂದ್ರು. ಸಾಹುಕಾರ್ರು ಸೀಟು ಬಿಚ್ಚಿದ್ರು. ಅತ್ತಿ, ಚಿಗವ್ವ, ಅಕ್ಕಂದಿರು ಏರಿದ್ರು. ತೊಡಿ ಸಿಗಲಾರದ ಹಿರೀಮಗ ಗಾಡಿಯೊಳಗ ಮುಂದಿನ ಗಾಜಿಗೆ ಮೂಗು ಹಚ್ಚಿ ನಿಂತ.

ಸೀಟು ಡಿಕ್ಕಿಯೊಳಗ ಹೋದವು. ಸಾಹುಕಾರ್ರು ನನ್ನ ಕರದು ಕಾಳಜಿಲೇ ಹೇಳಿದ್ರು: "ಹಗ್ಗ ಹಾಕಿ ಬಿಗಿಯಾಗಿ ಕಟ್ರಿ. ಹೊಸಾವು ಅದಾವ, ಪೆಟ್ಟಾಗಬಾರದು."